ಸಮುದ್ರದಡಿ ಮ್ಯಾಕ್ರೊ ಫೋಟೊಗ್ರಫಿ: ಹತ್ತಿರ ಹೋಗಿ, ಆದರೆ ಮುಟ್ಟಬೇಡಿ



ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಡೈವ್ ಮಾಡಿ ಬಂದವರ ರೀಲ್ಸ್ ನೀವೂ ನೋಡಿರ್ತೀರಿ. ನೀಲಿ ನೀರು, ದೂರದಲ್ಲಿ ಮಸುಕು ಮಸುಕಾದ ಮೀನು, ಮುಖದ ಮುಂದೆ ಗುಳ್ಳೆ. ಹೆಚ್ಚು ಕಡಿಮೆ ಎಲ್ಲವೂ ಒಂದೇ ಥರ. ಆದರೆ ಅಲ್ಲಿನ ಬಂಡೆಗಳ ಮೇಲೆ ಕಿರುಬೆರಳಿನ ಉಗುರಿನಷ್ಟು ಪುಟ್ಟ ಜೀವಿಗಳದ್ದೇ ಒಂದು ಲೋಕ ಇದೆ. ನ್ಯೂಡಿಬ್ರಾಂಕ್ ಅಂತ ಒಂದು ಜೀವಿ. ಚಿಪ್ಪಿಲ್ಲದ ಬಸವನಹುಳು ಅಂದ್ಕೊಳ್ಳಿ, ಮದುವೆ ಸೀರೆಯಷ್ಟು ಬಣ್ಣ. ಇಂಥವುಗಳ ಫೋಟೊ ತೆಗೆಯೋಕೆ ಬೇಕಾದ ಎರಡು ವಸ್ತುಗಳ ಬಗ್ಗೆ ಇವತ್ತಿನ ಮಾತು: ಕ್ಯಾಮೆರಾ ಹೌಸಿಂಗ್ ಮತ್ತು ಮ್ಯಾಕ್ರೊ ಲೆನ್ಸ್.

ಚಿಕ್ಕದನ್ನೇ ಯಾಕೆ ತೆಗೀಬೇಕು? ಕಾರಣ ನೀರು. ನೀರು ಬೆಳಕನ್ನು ನುಂಗುತ್ತೆ, ಅದರಲ್ಲೂ ಕೆಂಪನ್ನು ಮೊದಲು. ಐದಾರು ಮೀಟರ್ ಇಳಿಯೋ ಹೊತ್ತಿಗೆ ಕೆಂಪು ಬಹುಪಾಲು ಮಾಯ. ಅದಕ್ಕೇ ಆ ಫೋಟೊಗಳೆಲ್ಲ ನೀಲಿ. ಜೊತೆಗೆ ನೀರಿನಲ್ಲಿ ತೇಲೋ ಕಣಗಳು. ನಿಮಗೂ ಮೀನಿಗೂ ಮಧ್ಯೆ ನೀರು ಜಾಸ್ತಿ ಇದ್ದಷ್ಟೂ ಫೋಟೊ ಕೆಡುತ್ತೆ. ಮ್ಯಾಕ್ರೊದಲ್ಲಿ ಆ ಅಂತರ ಒಂದು ಗೇಣಿಗೂ ಕಡಿಮೆ ಆಗಬಹುದು. ನೀರು ಸ್ವಲ್ಪ ಕಲಕಿದ ದಿನವೂ ಒಳ್ಳೆ ಚಿತ್ರ ಸಿಗುತ್ತೆ.

ಈಗ ಹೌಸಿಂಗ್. ಕ್ಯಾಮೆರಾಗೆ ತೊಡಿಸೋ ಗಟ್ಟಿ ಕವಚ ಇದು. ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದೊಂದು ವಾತಾವರಣದಷ್ಟು ಏರುತ್ತೆ. 20 ಮೀಟರ್‌ನಲ್ಲಿ ಮೇಲಿನದಕ್ಕಿಂತ ಮೂರು ಪಟ್ಟು. ‘ನನ್ನ ಫೋನ್ ಐಪಿ68, ವಾಟರ್‌ಪ್ರೂಫ್’ ಅಂತ ಹಾಗೇ ಇಳಿಸಬೇಡಿ. ಆ ಪರೀಕ್ಷೆ ಮಾಡೋದು ನಿಂತ ಸಿಹಿನೀರಿನಲ್ಲಿ. ಡೈವರ್‌ಗಳಲ್ಲಿ ಜನಪ್ರಿಯವಾದ ಓಎಂ ಸಿಸ್ಟಂ ಟಿಜಿ-7 ಕ್ಯಾಮೆರಾವನ್ನೇ ತಗೊಳ್ಳಿ. ಬರಿಯ ಕ್ಯಾಮೆರಾ 15 ಮೀಟರ್‌ವರೆಗೆ, ಹೌಸಿಂಗ್ ಹಾಕಿದರೆ 45 ಮೀಟರ್‌ವರೆಗೆ. ಲೆನ್ಸ್‌ನಿಂದ ಒಂದು ಸೆಂಟಿಮೀಟರ್ ದೂರದಲ್ಲಿರೋ ವಸ್ತುವಿಗೂ ಅದು ಫೋಕಸ್ ಮಾಡುತ್ತೆ.

ಹೌಸಿಂಗಿನ ಪ್ರಾಣ ಇರೋದು ಒಂದು ರಬ್ಬರ್ ಉಂಗುರದಲ್ಲಿ. ಹೆಸರು ಓ-ರಿಂಗ್. ಕುಕ್ಕರ್ ಗ್ಯಾಸ್ಕೆಟ್ ಗೊತ್ತಲ್ಲ, ಒಂದು ಅನ್ನದ ಅಗುಳು ಸಿಕ್ಕಿಹಾಕ್ಕೊಂಡ್ರೂ ಹಬೆ ಸೋರುತ್ತೆ. ಇಲ್ಲೂ ಹಾಗೇ. ಒಂದು ತಲೆಕೂದಲು, ಒಂದು ಮರಳಿನ ಕಣ ಸಾಕು. ಹೊರಡೋ ಹಿಂದಿನ ರಾತ್ರಿ, ಫ್ಯಾನ್ ಆಫ್ ಮಾಡಿ, ಒಳ್ಳೆ ಬೆಳಕಲ್ಲಿ ಕೂತು ಅದನ್ನು ಒರೆಸಿ. ಕಂಪನಿ ಹೇಳಿದ ಗ್ರೀಸನ್ನೇ ತೆಳ್ಳಗೆ ಸವರಿ. ನೀರನ್ನು ತಡೆಯೋದು ರಬ್ಬರ್, ಗ್ರೀಸಲ್ಲ. ಜಾಸ್ತಿ ಹಚ್ಚಿದರೆ ಕಸ ಅಂಟುತ್ತೆ. ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಗಾಜಿಗೆ ಮಂಜು ಕಟ್ಟಲ್ಲ.

ಹೊಸ ಹೌಸಿಂಗನ್ನು ಮೊದಲ ಸಲ ಕ್ಯಾಮೆರಾ ಇಲ್ಲದೆ, ಖಾಲಿಯಾಗೇ ಇಳಿಸಿ ನೋಡಿ. ಆಳಕ್ಕೆ ಹೋದಂತೆ ಒತ್ತಡವೇ ಮುಚ್ಚಳವನ್ನು ಬಿಗಿಯಾಗಿ ಅದುಮುತ್ತೆ. ಹಾಗಾಗಿ ಸೋರಿಕೆ ಎಷ್ಟೋ ಸಲ ಮೇಲಿನ ಒಂದೆರಡು ಮೀಟರ್‌ನಲ್ಲೇ ಶುರುವಾಗುತ್ತೆ. ಅಲ್ಲೇ ನಿಂತು ಗುಳ್ಳೆ ಬರ್ತಿದೆಯಾ ನೋಡಿ. ಡೈವ್ ಮುಗಿದ ಮೇಲೆ, ಉಪ್ಪು ಒಣಗೋ ಮೊದಲೇ, ಸಿಹಿನೀರಲ್ಲಿ ನೆನೆಹಾಕಿ.

ಇನ್ನು ಲೆನ್ಸ್. ಮಿರರ್‌ಲೆಸ್ ಅಥವಾ ಡಿಎಸ್‌ಎಲ್‌ಆರ್ ಇದ್ದರೆ 60 ಅಥವಾ 100 ಎಂಎಂ ಮ್ಯಾಕ್ರೊ. ಹೌಸಿಂಗಿನ ಮುಂಭಾಗದ ಗಾಜಿಗೆ ಪೋರ್ಟ್ ಅಂತಾರೆ. ಮ್ಯಾಕ್ರೊಗೆ ಚಪ್ಪಟೆ ಪೋರ್ಟ್ ಬೇಕು. ನೀರಿಂದ ಗಾಳಿಗೆ ಬರುವಾಗ ಬೆಳಕು ಬಾಗೋದರಿಂದ ವಸ್ತು ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತೆ. ಪುಟ್ಟ ಜೀವಿಗಳ ವಿಷಯದಲ್ಲಿ ಅದು ನಮಗೆ ಲಾಭ. ಅಪರ್ಚರ್ ಎಫ್11ರಿಂದ ಎಫ್16, ಶಟರ್ 1/160ರ ಆಸುಪಾಸು, ಐಎಸ್‌ಒ 100 ಅಥವಾ 200ರಿಂದ ಶುರು ಮಾಡಿ. ಹೋದ ಬಣ್ಣವನ್ನು ವಾಪಸ್ ತರೋದು ಸ್ಟ್ರೋಬ್, ಅಂದರೆ ಹೊರಗೆ ಜೋಡಿಸೋ ಫ್ಲ್ಯಾಶ್. ಅದನ್ನು ನೇರ ಮುಂದಕ್ಕೆ ಹೊಡೆಯದೆ ಪಕ್ಕದಿಂದ ಬೀಳೋ ಹಾಗೆ ಇಡಿ. ಇಲ್ಲಾಂದ್ರೆ ತೇಲೋ ಕಣಗಳೆಲ್ಲ ಹೊಳೆದು ಫೋಟೊ ತುಂಬಾ ಬಿಳಿ ಚುಕ್ಕೆ. ಫೋಕಸ್ ಸಿಗೋ ಜಾಗ ಕೆಲವೇ ಮಿಲಿಮೀಟರ್. ಕಣ್ಣಿಗೆ ಫೋಕಸ್ ಲಾಕ್ ಮಾಡಿ, ಸ್ವಲ್ಪ ಸ್ವಲ್ಪವೇ ಮುಂದೆ ಹಿಂದೆ ಸರಿದು ಕ್ಲಿಕ್ ಮಾಡಿ. ಇದನ್ನೆಲ್ಲ ಮನೆಯಲ್ಲೇ ಸಾಸಿವೆ ಕಾಳಿನ ಮೇಲೆ ಅಭ್ಯಾಸ ಮಾಡಬಹುದು.

ನೆಲದ ಮೇಲೆ ಕೈ ನಡುಗಬಾರದು ಅಂತ ಉಸಿರು ಬಿಗಿಹಿಡಿದು ಕ್ಲಿಕ್ ಮಾಡ್ತೀವಿ. ಸ್ಕೂಬಾದಲ್ಲಿ ಅದನ್ನು ಮಾಡಲೇಬೇಡಿ. 10 ಮೀಟರ್‌ನಲ್ಲಿ ಎಳೆದ ಉಸಿರು ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತೆ. ಉಸಿರು ಕಟ್ಟಿ ಅರಿವಿಲ್ಲದೆ ಮೇಲೆ ತೇಲಿದರೆ ಶ್ವಾಸಕೋಶಕ್ಕೇ ಹಾನಿ. ಪುಟ್ಟ ಪರದೆಯಲ್ಲಿ ಮುಳುಗಿಹೋದವರು ಗಾಳಿಯ ಮೀಟರ್ ನೋಡೋದನ್ನೂ, ಜೊತೆಗಾರರನ್ನೂ ಮರೀತಾರೆ. ನಾಲ್ಕು ಕ್ಲಿಕ್ಕಿಗೊಮ್ಮೆ ಮೀಟರ್ ನೋಡಿ. ಮೊದಲ ಸಲ ಡೈವ್ ಮಾಡ್ತಿದ್ದೀರಾ? ಆ ಸಲ ಕ್ಯಾಮೆರಾ ಬೇಡ. ಏಳದೆ ಮುಳುಗದೆ ಒಂದೇ ಕಡೆ ತೇಲಿ ನಿಲ್ಲೋದು ಮೈಗೂಡಲಿ, ಕ್ಯಾಮೆರಾ ಆಮೇಲೆ.

ಯಾಕಂದ್ರೆ ಹತ್ತಿರ ಹೋದವರ ಫಿನ್ ತಗುಲೋದು ಹವಳಕ್ಕೆ. ಬಂಡೆಯಂಥ ಹವಳ ವರ್ಷಕ್ಕೆ ಬೆಳೆಯೋದು ಸುಮಾರು ಒಂದು ಸೆಂಟಿಮೀಟರ್. ಒಂದು ಒದೆತಕ್ಕೆ ಹತ್ತಾರು ವರ್ಷದ ಬೆಳವಣಿಗೆ ಹೋಗಬಹುದು. ಹವಳಕ್ಕೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಫ್ಲ್ಯಾಶಿನಿಂದ ಜೀವಿಗಳಿಗೆ ತೊಂದರೆ ಆಗಲ್ವಾ ಅಂತ ಕೇಳ್ತೀರಿ. 2019ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಕಡಲಕುದುರೆಯಂಥ ಮೀನುಗಳನ್ನೇ ನೋಡಿತ್ತು. ಫ್ಲ್ಯಾಶಿಗಿಂತ ಅವುಗಳನ್ನು ಹೆಚ್ಚು ಕಂಗೆಡಿಸಿದ್ದು ಮನುಷ್ಯರು ಮುಟ್ಟಿ, ತಳ್ಳಿದ್ದು. ಚೆನ್ನಾಗಿ ಕಾಣ್ಲಿ ಅಂತ ಕಡ್ಡಿಯಲ್ಲಿ ಜೀವಿಯನ್ನು ಈಕಡೆ ತಿರುಗಿಸೋರಿದ್ದಾರೆ. ಅದು ತಿರುಗದಿದ್ದರೆ ಕಾಯಿರಿ. ಆಗಲೂ ತಿರುಗದಿದ್ದರೆ ಬಿಟ್ಟು ಬನ್ನಿ. ಫೋಟೊ ಇನ್ನೊಂದು ಸಿಗುತ್ತೆ.

ಇವತ್ತಿಗೆ ಇಷ್ಟು. ಡೈವಿಂಗ್‌ಗೆ ಹೊರಟಿರೋ ಗೆಳೆಯರಿಗೆ ಈ ಸಂಚಿಕೆ ಕಳಿಸಿ.