ಬಲವೂ ವಿನಯವೂ



ಬಲಾಢ್ಯವಾದ ರಾಷ್ಟ್ರವು ತಾನೇ ಧರ್ಮಿಷ್ಠವೆಂದು ಬಗೆಯುವುದು ಸುಲಭ. ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ದುಷ್ಕರ. ಅಮೇರಿಕೆಯ ಚರಿತ್ರೆಯಲ್ಲಿ ನಾವು ಇವೆರಡನ್ನೂ ಕಾಣುತ್ತೇವೆ.

1865ನೆಯ ಇಸವಿ ಮಾರ್ಚ್ 4ರಂದು ಅಬ್ರಹಾಂ ಲಿಂಕನ್ನನು ಎರಡನೆಯ ಸಲ ಅಧ್ಯಕ್ಷಪದವನ್ನು ಸ್ವೀಕರಿಸಿದನು. ನಾಲ್ಕು ವರ್ಷಗಳ ಅಂತರ್ಯುದ್ಧದಲ್ಲಿ ಜಯವು ಕೈಗೆಟುಕುವಂತಿದ್ದಿತು. ಆದರೂ ಸುಮಾರು 700 ಶಬ್ದಗಳ ತನ್ನ ಭಾಷಣದಲ್ಲಿ ಆತನು ಜಯಘೋಷ ಮಾಡಲಿಲ್ಲ. ಗುಲಾಮಗಿರಿಯ ಪಾಪವು ದಕ್ಷಿಣದವರದು ಮಾತ್ರವಲ್ಲ, ಇಡಿಯ ರಾಷ್ಟ್ರದ್ದು. ಈ ಯುದ್ಧವು ಉಭಯ ಪಕ್ಷಗಳಿಗೂ ದೇವರು ವಿಧಿಸಿದ ದಂಡನೆಯಾಗಿರಬಹುದು ಎಂಬುದೇ ಆತನ ಮಾತಿನ ತಿರುಳು. ಮರುತಿಂಗಳು ಅಪೊಮ್ಯಾಟಕ್ಸಿನಲ್ಲಿ ಶರಣಾಗತರಾದ ಲೀಯ ಸೈನಿಕರಿಗೆ ಸೇನಾಪತಿ ಗ್ರಾಂಟನು ಅನ್ನವಿತ್ತು, ಉಳುಮೆಗೆಂದು ಅವರವರ ಕುದುರೆಗಳನ್ನು ಒಯ್ಯಗೊಟ್ಟನು.

ಇದು ಉದಾತ್ತವೇ ಸರಿ. ಆದರೆ ಸೋತ ಒಡೆಯರಿಗೆ ದೊರೆತ ಔದಾರ್ಯವು ಬಿಡುಗಡೆಹೊಂದಿದ ಗುಲಾಮರಿಗೆ ದೊರೆಯಲಿಲ್ಲ. 1870ರಲ್ಲಿ ಸಂವಿಧಾನವು ಕೊಟ್ಟ ಮತದಾನದ ಹಕ್ಕು ದಕ್ಷಿಣದ ಕರಿಯರಿಗೆ ನಿಜವಾಗಿ ಕೈಸೇರಬೇಕಾದರೆ 1965ರ ಶಾಸನವೇ ಬರಬೇಕಾಯಿತು. ಲಿಂಕನ್ನನು ಒಪ್ಪಿಕೊಂಡ ಋಣವು ನೂರು ವರ್ಷ ತೀರದೆ ಉಳಿಯಿತು.

ಆದುದರಿಂದ ನಾವು ಹೇಳುವುದಿಷ್ಟೇ: ಸಮಾನರ ಮುಂದೆ ತಲೆಬಾಗುವುದು ಸೌಜನ್ಯ, ಬಲಹೀನನ ಹಕ್ಕಿಗೆ ತಲೆಬಾಗುವುದೇ ವಿನಯ. ಅಧಿಕಾರದ ಒರೆಗಲ್ಲು ಅದೇ.