ಇವತ್ತೇನು ವಿಶೇಷ?

ಹೆಣ್ಣುಮಗಳೊಬ್ಬಳು ತುಸು ಚೆಲುವಾಗಿ ಉಟ್ಟು ತೊಟ್ಟು ಬೀದಿಗೆ ಬಂದಳೆಂದರೆ ನಮ್ಮ ಕಡೆ ಕೇಳುವ ಮೊದಲ ಮಾತು: “ಏನಮ್ಮಾ, ಇವತ್ತೇನು ವಿಶೇಷ?” ಕೇಳುವವರ ದನಿಯಲ್ಲಿ ಕೆಡುಕೇನೂ ಇರುವುದಿಲ್ಲ, ಅಕ್ಕರೆಯೇ ಇರುತ್ತದೆ. ಆದರೂ ಆ ಪ್ರಶ್ನೆಯೊಳಗೆ ಒಂದು ಕಟ್ಟಳೆ ಅಡಗಿದೆ. ಸಿಂಗಾರಕ್ಕೆ ಕಾರಣ ಬೇಕು. ಹಬ್ಬವೋ, ಮದುವೆಯೋ, ಹೆಣ್ಣು ನೋಡಲು ಬರುವವರಿದ್ದಾರೋ, ಏನಾದರೊಂದು ಇರಲೇಬೇಕು. ಕಾರಣವಿಲ್ಲದ ಸಿಂಗಾರವೆಂದರೆ ಲೆಕ್ಕಕ್ಕೆ ಸಿಗದ ಖರ್ಚಿನಂತೆ, ಮನೆಯವರಿಗೂ ಊರವರಿಗೂ ಅನುಮಾನ. ಈ ಕಟ್ಟಳೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಈ ಹೊತ್ತು ನಿಮ್ಮೆದುರು ಕುಳಿತಿದ್ದೇನೆ.

ನನ್ನ ಹುಟ್ಟೂರು ರಾಯಚರ್ಲು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳು ಸೇರಿದ ಬಯಲುಸೀಮೆಯ ಹಳ್ಳಿ. ಹೆಸರಿನ ತುದಿಯಲ್ಲೇ ತೆಲುಗಿನ ದನಿಯಿದೆ. ಮಳೆ ಕಡಮೆ, ಕಲ್ಲು ಹೆಚ್ಚು, ಬೆಳೆ ಕಡಲೆಕಾಯಿ. ಇಂಥ ನೆಲದಲ್ಲಿ ಚೆಲುವಿಗೆ ಎಡೆಯೆಲ್ಲಿ ಎಂದು ನೀವು ಕೇಳಬಹುದು. ಎಡೆಯಿದೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ಊರು. ಗಡಿಯಾಚೆಗೆ ಆಂಧ್ರದ ಧರ್ಮಾವರ. ಬಾವಿಯಲ್ಲಿ ಒಂದಿಷ್ಟು ನೀರಿದ್ದವರು ಕನಕಾಂಬರ, ಕಾಕಡ, ಸೇವಂತಿಗೆ ಹಾಕುತ್ತಾರೆ. ಆದರೆ ನೇಯ್ದ ಸೀರೆ ಊರು ಬಿಟ್ಟು ಹೋಗುತ್ತದೆ, ಕಟ್ಟಿದ ಹೂವು ಮುಂಜಾನೆಯ ಬಸ್ಸು ಹತ್ತುತ್ತದೆ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಮಹಾಲಕ್ಷ್ಮಿಗೆ ನಿತ್ಯವೂ ಅಲಂಕಾರ. ಅವಳನ್ನು ಮಾತ್ರ ಯಾರೂ “ಇವತ್ತೇನು ವಿಶೇಷ?” ಎಂದು ಕೇಳುವುದಿಲ್ಲ.

ನನ್ನ ತಾಯಿ ಹೂ ಕಟ್ಟುತ್ತಿದ್ದಳು. ಮೊಳಕ್ಕೆ ಇಷ್ಟೆಂದು ಕೂಲಿ. ಬಾಳೆನಾರನ್ನು ನೀರಿನಲ್ಲಿ ನೆನೆಸಿ, ಎರಡು ಹೂ ಈಚೆಗೆ, ಎರಡು ಆಚೆಗೆ ಇಟ್ಟು ಗಂಟು ಬಿಗಿಯುತ್ತಿದ್ದ ಅವಳ ಬೆರಳಿನ ವೇಗವನ್ನು ಇಂದಿಗೂ ಬೆರಗಿನಿಂದ ನೆನೆಯುತ್ತೇನೆ. ಅವಳದೊಂದು ನೇಮವಿತ್ತು. ಕಟ್ಟಿದ ಮಾಲೆಯ ತುದಿಯ ಗೇಣುದ್ದ ತನಗೆ. ಕಳೆ ಕೀಳಲು ಹೊಲಕ್ಕೆ ಹೋಗುವ ದಿನವೂ ಅದನ್ನು ಮುಡಿದೇ ಹೋಗುತ್ತಿದ್ದಳು. ನಕ್ಕವರಿಗೆ, “ಕಡ್ಲೆಕಾಯಿ ಗಿಡಾನೂ ಹೂ ಬಿಡ್ತದೆ, ಅದು ಯಾರ ಮದುವೆಗೆ?” ಎನ್ನುತ್ತಿದ್ದಳು.

ತಂದೆ ತೀರಿಕೊಂಡ ಹನ್ನೊಂದನೆಯ ದಿನ ಅವಳ ಬಳೆ ಒಡೆದರು, ಹೂವು ತೆಗೆದರು. ಮುಂದಿನ ವಾರದಿಂದ ಅವಳು ಮತ್ತೆ ಹೂ ಕಟ್ಟಲು ಕುಳಿತಳು, ಹೊಟ್ಟೆ ಕೇಳಬೇಕಲ್ಲ! ಊರಿನ ತಲೆಗಳಿಗೆಲ್ಲ ಹೂ ಕೊಟ್ಟ ಬೆರಳು ತನ್ನ ತಲೆಯತ್ತ ಹೋಗುವಂತಿರಲಿಲ್ಲ. ಆದರೂ ಅಭ್ಯಾಸಬಲದಿಂದ ಗೇಣುದ್ದದ ತುಂಡನ್ನು ಎತ್ತಿಡುತ್ತಿದ್ದಳು. ಸಂಜೆಯ ಹೊತ್ತಿಗೆ ಅದು ತಟ್ಟೆಯಲ್ಲೇ ಬಾಡಿರುತ್ತಿತ್ತು. ಆ ಸಿಂಗಾರ ಅವಳ ಸ್ವಂತದ್ದೆಂದು ನಾವು ಮಕ್ಕಳು ತಿಳಿದಿದ್ದೆವು. ಅದು ಎರವಲು ಕೊಟ್ಟ ಒಡವೆಯೆಂಬುದು ಆಗ ಗೊತ್ತಾಯಿತು.

ನಮ್ಮ ಪರಂಪರೆ ಇಷ್ಟೇ ಅಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರಲ್ಲಿ ದರ್ಪಣ ಸುಂದರಿಯನ್ನು ನೋಡಿ. ಶಿಲ್ಪಿ ಅವಳ ಕಣ್ಣನ್ನು ಕನ್ನಡಿಯಲ್ಲಿ ನೆಡಿಸಿದ್ದಾನೆ; ನೋಡುವ ನಮ್ಮ ಗೊಡವೆ ಅವಳಿಗಿಲ್ಲ. ಅದೇ ಶತಮಾನದಲ್ಲಿ ಉಡುತಡಿಯ ಅಕ್ಕಮಹಾದೇವಿ ಉಡುಗೆಯನ್ನೇ ತೊರೆದು ಹೊರಟಳು. ಅವಳಿಗೆ ನಾವು ಕೈಮುಗಿಯುವುದು ಆ ನಿರ್ಧಾರ ಅವಳದಾಗಿತ್ತು ಎಂಬ ಕಾರಣಕ್ಕಲ್ಲವೆ? ಹಾಗಿದ್ದಲ್ಲಿ ತನ್ನ ಇಷ್ಟದಿಂದ ತೊಟ್ಟವಳನ್ನು ಹಗುರ ಮನಸ್ಸಿನವಳೆಂದು ಏಕೆ ಎಣಿಸಬೇಕು? ಬಿಳಿಯ ಸೀರೆ, ಬಿಗಿದ ತುರುಬು ಇದ್ದರೇ ವಿದ್ಯಾವಂತೆ ಎಂಬ ನಂಬಿಕೆ ನಮ್ಮ ಓದಿದ ವರ್ಗದಲ್ಲಿ ಇನ್ನೂ ಪೂರ್ತಿ ಸತ್ತಿಲ್ಲ.

ನನ್ನ ತಂಗಿಯ ಮಗಳು ಮಧುಗಿರಿಯ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದಾಳೆ. ಪಫ್ ತೋಳಿನ ರವಿಕೆ, ಅಂಚಿಗೆ ಲೇಸ್, ಗುಲಾಬಿ ಬಣ್ಣದ ನೆರಿಗೆಯ ಲಂಗ, ಕೈತುಂಬ ಗಾಜಿನ ಬಳೆ, ಜಡೆಗೆ ಹೂವು. ವಾರದ ಆರು ದಿನವೂ ಹೀಗೆಯೇ. “ನಾಟಕದ ಕಂಪನಿಯೇನು?” ಎಂದು ನಕ್ಕವರುಂಟು, ಪರದೇಶದ ಷೋಕಿ ಎಂದು ಮೂಗು ಮುರಿದವರೂ ಉಂಟು. ನಮ್ಮ ಸೀಮೆಯ ಕಾಡುಗೊಲ್ಲರ ಹಿರಿಯ ಹೆಂಗಸರು ರವಿಕೆಯನ್ನೇ ತೊಡದೆ ಸೀರೆ ಉಡುತ್ತಿದ್ದರು. 1894ರಲ್ಲಿ ಮುದ್ರಣಾಲಯ ತೆರೆದ ರವಿವರ್ಮನ ಲಕ್ಷ್ಮಿ, ಸರಸ್ವತಿಯರು ಪಡಸಾಲೆಯ ಗೋಡೆಗಳಿಗೆ ಬಂದದ್ದೂ ಆಮೇಲಿನ ಮಾತೇ. ಇಂದು ನಾವು ಸಂಪ್ರದಾಯ ಎನ್ನುವುದರಲ್ಲಿ ನಿನ್ನೆಯ ಹೊಸತು ಎಷ್ಟಿದೆಯೋ!

ಈ ಹುಡುಗಿಯೇ ನನಗೊಂದು ಜಪಾನೀ ಕಾದಂಬರಿಯ ಸಂಗತಿ ಹೇಳಿದಳು. ನೊವಾಲಾ ತಾಕೆಮೊತೊ ಎಂಬವರು 2002ರಲ್ಲಿ ಪ್ರಕಟಿಸಿದ ಕಥೆ. 2004ರಲ್ಲಿ ಚಲನಚಿತ್ರವೂ ಆಯಿತು. ಗದ್ದೆಬಯಲಿನ ನಡುವಣ ಶಿಮೊತ್ಸುಮಾ ಎಂಬ ಊರಿನಲ್ಲಿ ಹುಡುಗಿಯೊಬ್ಬಳು ಹದಿನೆಂಟನೆಯ ಶತಮಾನದ ಫ್ರಾನ್ಸಿನ ಕನಸು ಕಾಣುತ್ತ, ಲೇಸ್, ನೆರಿಗೆ, ರಿಬ್ಬನ್ನುಗಳ ಉಡುಪಿನಲ್ಲೇ ದಿನನಿತ್ಯ ಓಡಾಡುತ್ತಾಳೆ. ಟೋಕಿಯೋದ ಹರಾಜುಕು ಬಡಾವಣೆಯಲ್ಲಿ ಇಂಥ ಉಡುಪಿನ ತರುಣಿಯರದೇ ಒಂದು ಬಳಗ ಬೆಳೆಯಿತು. ಇದು ಗಂಡಸರ ಕಣ್ಣಿಗಾಗಿ ಅಲ್ಲ, ತಮ್ಮ ಸಂತೋಷಕ್ಕೆ ಎಂದು ಅವರಲ್ಲಿ ಅನೇಕರು ಹೇಳುತ್ತಾರೆ. ಕೇಳುತ್ತಿದ್ದಂತೆ ನನಗೆ ಹೂ ಮುಡಿದು ಹೊಲಕ್ಕೆ ಹೋಗುತ್ತಿದ್ದ ತಾಯಿಯ ನೆನಪಾಯಿತು.

ಸಿಂಗಾರವೂ ಸಂಕೋಲೆಯಾಗಬಲ್ಲದೆಂಬುದನ್ನು ನಾನು ಮರೆತಿಲ್ಲ. ಮುತ್ತೈದೆ ಬರಿಗೈಯಲ್ಲಿರಬಾರದೆಂದು ಬಳೆ ತೊಡಿಸುವವರೂ, ಗಂಡ ಸತ್ತನೆಂದು ಅದನ್ನು ಒಡೆಯುವವರೂ ಒಬ್ಬರೇ. ಎರಡು ಸಲವೂ ಅವಳನ್ನು ಕೇಳುವುದಿಲ್ಲ. ಕಾಲ ಅಲ್ಲಲ್ಲಿ ಹೊರಳುತ್ತಿದೆ. 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಇಬ್ಬರು ವಿಧವೆಯರು ಅರ್ಚಕಿಯರಾದರು. 2022ರ ಮೇ ತಿಂಗಳಲ್ಲಿ ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ, ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳು ಬೇಡವೆಂದು ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳಿಗೂ ಆ ದಾರಿ ಹಿಡಿಯಲು ಹೇಳಿತು. ಠರಾವು ಬಳೆ ಒಡೆಯುವ ಕೈಯನ್ನು ತಡೆದೀತು. ಹೂವಿನತ್ತ ಹೋಗಲು ಅಂಜುವ ಕೈಗೆ ಧೈರ್ಯವನ್ನು ಮನೆಯವರೇ ಕೊಡಬೇಕು.

ತಾಯಿಯ ಕೊನೆಯ ವರ್ಷಗಳ ಒಂದು ಬೆಳಗ್ಗೆ. ಕೆಲಸಕ್ಕೆ ಹೊರಟಿದ್ದ ಮೊಮ್ಮಗಳು ತನ್ನ ಜಡೆಯ ಕನಕಾಂಬರದಲ್ಲಿ ಗೇಣುದ್ದ ಹರಿದು ಅಜ್ಜಿಯ ನರೆತ ತುರುಬಿಗೆ ಸಿಕ್ಕಿಸಿದಳು. ತಾಯಿಯ ಕೈ ತಲೆಯವರೆಗೆ ಹೋಗಿ ಅಲ್ಲೇ ನಿಂತಿತು.

“ಇವತ್ತೇನೇ ವಿಶೇಷ?” ಎಂದಳು.

“ಮಂಗಳವಾರ” ಎಂದು ಹೇಳಿ ಹುಡುಗಿ ಬಸ್ಸಿಗೆ ಓಡಿದಳು.

ತಾಯಿ ಕೈ ಕೆಳಗಿಳಿಸಿದಳು. ಸಂಜೆಯವರೆಗೂ ಹೂವು ತಲೆಯಲ್ಲೇ ಇತ್ತು.