ಮಾಹಿತಿ, ಲೆಕ್ಕ ಮತ್ತು ನಿರ್ಧಾರ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ವ್ಯಾಪಾರ ಮತ್ತು ಕಂಪ್ಯೂಟರ್ ಬಗ್ಗೆ ಇವರೇನು ಹೇಳುತ್ತಾರೆ ಎಂದು ನಿಮಗೆ ಅನ್ನಿಸಬಹುದು. ಆದರೆ ಜಮಾ, ಬಾಕಿ, ಅಸಲು, ವಸೂಲಿ, ತಾರೀಖು ಎಂಬ ಮಾತುಗಳು ಉರ್ದುವಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಲೆಕ್ಕದ ಪುಸ್ತಕದಲ್ಲಿ ಈ ಎರಡು ಭಾಷೆಗಳು ಎಂದೋ ಒಂದಾಗಿವೆ. ಆದ್ದರಿಂದ ಈ ವಿಷಯ ನನಗೆ ದೂರದ್ದಲ್ಲ.

ಆರ್.ಟಿ. ನಗರದಲ್ಲಿ ನಮ್ಮ ತಂದೆಯವರದು ಈರುಳ್ಳಿ, ಬೆಳ್ಳುಳ್ಳಿ ಮಾರುವ ಪುಟ್ಟ ಅಂಗಡಿ. ಸರಕು ತರುವುದು ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಿಂದ. 2019ರಲ್ಲಿ ಅಕಾಲಿಕ ಮಳೆಯಿಂದ ಬೆಳೆ ಹಾಳಾಗಿ, ಡಿಸೆಂಬರಿನಲ್ಲಿ ಬೆಂಗಳೂರಿನ ಕೆಲವು ಅಂಗಡಿಗಳಲ್ಲಿ ಈರುಳ್ಳಿ ಕಿಲೋಗೆ 200 ರೂಪಾಯಿ ಮುಟ್ಟಿತು. ಸಗಟು ಬೆಲೆ ಕ್ವಿಂಟಾಲಿಗೆ 5,500ರಿಂದ 14,000 ರೂಪಾಯಿವರೆಗೆ ಇತ್ತು. ಅಬ್ಬಾಜಾನ್ ಕಿವಿಗೆ ಬಿದ್ದದ್ದು 14,000 ಮಾತ್ರ. ಇನ್ನೂ ಏರುತ್ತದೆ ಎಂದು ನಂಬಿ, ತಂಗಿಯ ಕಾಲೇಜು ಶುಲ್ಕಕ್ಕೆ ಇಟ್ಟಿದ್ದ ಹಣದಲ್ಲಿ ಹತ್ತು ಮೂಟೆ ತಂದರು. ಟರ್ಕಿ, ಈಜಿಪ್ಟ್ ಈರುಳ್ಳಿ ಬಂತು. ಜನವರಿಯಲ್ಲಿ ಹೊಸ ಬೆಳೆಯೂ ಬಂದು ಬೆಲೆ ಇಳಿಯಿತು. ಅರ್ಧ ಮೂಟೆಗಳು ಮೊಳೆತು, ಕೊಳೆತವು. ತಂಗಿಯ ಶುಲ್ಕಕ್ಕೆ ಸಾಲ ಮಾಡಬೇಕಾಯಿತು.

ತಪ್ಪು ಅವರೊಬ್ಬರದಲ್ಲ. ಮನೆಯಲ್ಲಿ ಓದಿದ ಮಗನಾಗಿ ನಾನೂ ಇದ್ದೆ. ಬೆಲೆಯ ವಿವರ ನೋಡಲು ನನಗೆ ಬರುತ್ತಿತ್ತು, ನೋಡಲಿಲ್ಲ.

ಮಾಹಿತಿ ವ್ಯವಸ್ಥೆ ಎಂದರೇನು? ಅಂಕಿ-ಅಂಶಗಳನ್ನು ಕೂಡಿಸಿ, ಕಾಪಾಡಿ, ವಿಂಗಡಿಸಿ, ಬೇಕಾದ ಹೊತ್ತಿಗೆ ಬೇಕಾದವರಿಗೆ ಒದಗಿಸುವ ಏರ್ಪಾಡು. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ 2000ರಲ್ಲಿ ಆರಂಭವಾಯಿತು. ಯಾವ ಮಾರುಕಟ್ಟೆಗೆ ಎಷ್ಟು ಆವಕ, ಕನಿಷ್ಠ, ಗರಿಷ್ಠ ಮತ್ತು ಮಾದರಿ ಧಾರಣೆ ಎಷ್ಟು ಎಂಬುದನ್ನು ಅದು ತಿಳಿಸುತ್ತದೆ. ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿಯೂ ಇಂಥದ್ದೇ. 2014ರಲ್ಲಿ ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತಂದಿತು. ರೈತನ ಸರಕಿಗೆ ಲಾಟ್ ಸಂಖ್ಯೆ ಕೊಟ್ಟು, ವರ್ತಕರು ಕಂಪ್ಯೂಟರಿನಲ್ಲೇ ಬೆಲೆ ನಮೂದಿಸುವ ಪದ್ಧತಿ ಅದು. ಅತಿ ಹೆಚ್ಚಿನ ಬೆಲೆಯನ್ನು ಯಂತ್ರ ಆರಿಸಿದರೂ, ಒಪ್ಪುವ ಅಥವಾ ಬಿಡುವ ಹಕ್ಕು ರೈತನದೇ. ಇದನ್ನು ಮರೆಯಬೇಡಿ: ವ್ಯವಸ್ಥೆ ತಿಳಿಸುತ್ತದೆ, ನಿರ್ಧರಿಸುವವನು ಮನುಷ್ಯ.

ವಿದ್ಯಾರ್ಥಿಗಳೇ, ಮಾದರಿ ಧಾರಣೆ ಎಂದರೆ ಸರಾಸರಿಯಲ್ಲ. ಹತ್ತು ಮೂಟೆಗಳಲ್ಲಿ ಎರಡು 8,000ಕ್ಕೆ, ಏಳು 6,000ಕ್ಕೆ, ಒಂದು 4,000ಕ್ಕೆ ಮಾರಾಟವಾದರೆ ಮಾದರಿ ಧಾರಣೆ 6,000. ಅಂದರೆ ಹೆಚ್ಚಿನ ಸರಕು ಕೈ ಬದಲಾಯಿಸಿದ ಬೆಲೆ. ಗರಿಷ್ಠ ಬೆಲೆ ಉತ್ತಮವಾದ ಒಂದೆರಡು ಲಾಟುಗಳ ಸುದ್ದಿ. ಮಾದರಿ ಬೆಲೆ ಇಡೀ ಮಾರುಕಟ್ಟೆಯ ಸುದ್ದಿ. ಜೊತೆಗೆ ಆವಕವನ್ನೂ ನೋಡಬೇಕು. ದಿನದಿಂದ ದಿನಕ್ಕೆ ಆವಕ ಏರುತ್ತಿದ್ದರೆ ಬೆಲೆ ಇಳಿಯುವ ಸೂಚನೆ.

ಆದರೆ ಇದು ಅರ್ಧ ಮಾತ್ರ. ನಮ್ಮ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಕಿಲೋ ಮಾರಾಟ? ಒಂದು ಮೂಟೆ ಎಷ್ಟು ದಿನ ಬರುತ್ತದೆ? ಅದರಲ್ಲಿ ಎಷ್ಟು ಒಣಗಿ, ಕೊಳೆತು ಹೋಗುತ್ತದೆ? ಈ ಉತ್ತರ ಯಾವ ಸರ್ಕಾರಿ ಕಂಪ್ಯೂಟರಿನಲ್ಲೂ ಸಿಗದು. ಅದನ್ನು ನಾವೇ ಬರೆದಿಡಬೇಕು. ಆ ಲೆಕ್ಕ ಇದ್ದಿದ್ದರೆ, ದಿನಕ್ಕೆ ಅರ್ಧ ಮೂಟೆ ಮಾರುವ ನಮಗೆ ಹತ್ತು ಮೂಟೆ ಎಂದರೆ ಇಪ್ಪತ್ತು ದಿನದ ಸರಕು ಎಂದು ಅಂದೇ ತಿಳಿಯುತ್ತಿತ್ತು.

ಈಗ ತಂಗಿಯೇ ಅಂಗಡಿಯ ಲೆಕ್ಕ ಬರೆಯುತ್ತಾಳೆ. ಬೆಳಗ್ಗೆ ಮೊಬೈಲಿನಲ್ಲಿ ಧಾರಣೆ ನೋಡಿ ಓದಿ ಹೇಳುತ್ತಾಳೆ. ಎಷ್ಟು ತರಬೇಕೆಂದು ತೀರ್ಮಾನಿಸುವವರು ಇಂದಿಗೂ ಅಬ್ಬಾಜಾನ್. ಸರಕಿನ ಗುಣ ಕೈಯಲ್ಲಿ ಹಿಡಿದು ನೋಡುವ ಅವರ ಅನುಭವ ನಮಗಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ಕಂಪ್ಯೂಟರ್ ಕಲಿಕೆ ಕೆಲಸ ಸಿಗುವುದಕ್ಕೆ ಮಾತ್ರ ಎಂದು ತಿಳಿಯಬೇಡಿ. ಇಂದೇ ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಯ ವ್ಯಾಪಾರದ ಒಂದು ತಿಂಗಳ ಲೆಕ್ಕ ಬರೆಯಿರಿ. ನಂತರ ಅದನ್ನು ತಂದೆ-ತಾಯಿಯ ಮುಂದಿಟ್ಟು ಮಾತನಾಡಿ. ನೀವು ಓದಿದ ವಿದ್ಯೆ ಮೊದಲು ನಿಮ್ಮ ಮನೆಗೆ ನೆರವಾಗಲಿ.